ಕಿಟ್ ಡಬ್ಬದೊಳಗಿನ ಚೀಟಿ

ಬೆಳಿಗ್ಗೆ ಲ್ಯಾಬಿನ ಶಟರ್ ಎತ್ತಿ, ದೇವರ ಫೋಟೋಕ್ಕೆ ಒಂದು ಊದುಬತ್ತಿ ಹಚ್ಚಿದ ಮೇಲೆ ನಾನು ಮಾಡುವ ಮೊದಲ ಕೆಲಸ ಅಂದ್ರೆ ಫ್ರಿಜ್ಜಿನಿಂದ ಎರಡು ಸಣ್ಣ ಬಾಟ್ಲಿ ಹೊರಗೆ ತೆಗೆದಿಡುವುದು. ಅದ್ರಲ್ಲಿರುವುದು ಯಾವ ಪೇಷೆಂಟಿನ ಸ್ಯಾಂಪಲ್ಲೂ ಅಲ್ಲ, ಕಂಪೆನಿಯವ್ರು ರೆಡಿ ಮಾಡಿ ಕಳಿಸುವ ಕಂಟ್ರೋಲ್ ಸೀರಮ್, ಅಂದ್ರೆ ಮೆಷಿನ್ ಸರಿ ಓದ್ತದಾ ಅಂತ ನೋಡ್ಲಿಕ್ಕೆ ಇರುವ, ನಂಬರ್ ಮೊದಲೇ ಗೊತ್ತಿರುವ ರಕ್ತದ ತಿಳಿ. ಒಂದು ಬಾಟ್ಲಿಯಲ್ಲಿ ಎಲ್ಲ ನಾರ್ಮಲ್, ಇನ್ನೊಂದ್ರಲ್ಲಿ ಎಲ್ಲ ಜಾಸ್ತಿ. ಥಂಡಿ ಬಿಟ್ಟ ಮೇಲೆ ಎರಡು ಅಂಗೈ ನಡುವೆ ಮೆಲ್ಲ ಹೊರಳಿಸ್ಬೇಕು, ಕುಲುಕ್ಲಿಕ್ಕಿಲ್ಲ, ಕುಲುಕಿದ್ರೆ ನೊರೆ ಬರ್ತದೆ, ನೊರೆ ಬಂದ್ರೆ ಮೆಷಿನಿನ ಸೂಜಿ ಸೀರಮ್ ಬದಲು ಗಾಳಿ ಎಳೀತದೆ, ರಿಸಲ್ಟ್ ಹಾಳು. ಹೊರಗೆ ಬೆಂಚಲ್ಲಿ ಫಾಸ್ಟಿಂಗಿನವರು ಹಸಿದು ಕೂತಿರ್ತಾರೆ, ಆದ್ರೂ ಕಂಟ್ರೋಲ್ ಪಾಸ್ ಆಗುವವರೆಗೆ ಒಬ್ಬರ ಸೀರಮನ್ನೂ ಮೆಷಿನಿಗೆ ಹಾಕುವ ಹಾಗಿಲ್ಲ. ಚಾರ್ಟಲ್ಲಿ ನಡುವೆ ಒಂದು ಗೆರೆ, ಮೇಲೆ ಕೆಳಗೆ ಎರಡೆರಡು ಎಸ್‌ಡಿ (ನಂಬರ್ ಸಹಜವಾಗಿ ಆಚೆ ಈಚೆ ಆಗುವುದರ ಅಳತೆ) ದೂರದಲ್ಲಿ ಇನ್ನೆರಡು ಗೆರೆ, ಇವತ್ತಿನ ಚುಕ್ಕಿ ಅದರೊಳಗೆ ಬಿದ್ದರೆ ಸರಿ. ನಿನ್ನೆ 98 ಇದ್ದದ್ದು ಇವತ್ತು 99 ಆದ್ರೆ ನೆಮ್ಮದಿ, 110 ಆದ್ರೆ ಎಲ್ಲ ನಿಲ್ಲಿಸಿ ಯಾಕೆ ಅಂತ ಹುಡುಕ್ಬೇಕು.

ಇಪ್ಪತ್ತು ವರ್ಷದ ಮೇಲಾಯ್ತು ಈ ಕೆಲಸ ಮಾಡ್ತಾ, ಮೊದಲು ಮಂಗಳೂರಲ್ಲಿ, ಈಗ ಉಡುಪಿಯಲ್ಲಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಾನು ಮಾಡುವುದೆಲ್ಲ ವ್ಯತ್ಯಾಸವನ್ನು ಓಡಿಸುವ ಕೆಲಸ, ಮೆಷಿನ್ ನಿನ್ನೆಯ ಹಾಗೇ ಇವತ್ತೂ ಓದ್ಬೇಕು, ಲಾಂಪು ಹಳೆದಾಗಿ ಬಂದ ವ್ಯತ್ಯಾಸ ಬೇಡ, ರೀಏಜೆಂಟ್, ಅಂದ್ರೆ ಟೆಸ್ಟಿಗೆ ಹಾಕುವ ಕೆಮಿಕಲ್, ಕೆಟ್ಟು ಬಂದ ವ್ಯತ್ಯಾಸ ಬೇಡ, ನನ್ನ ಕೈಯಿಂದ ಬಂದದ್ದೂ ಬೇಡ. ಅದೆಲ್ಲ ಹೋಗ್ಬೇಕು ಯಾಕಂದ್ರೆ ಆಮೇಲೆ ಬೆಂಚಲ್ಲಿ ಕೂತ ಹತ್ತು ಜನರ ಹತ್ತು ಥರದ ರಕ್ತ ಹತ್ತು ಥರವಾಗಿಯೇ ಕಾಣ್ಬೇಕು. ಮೆಷಿನಿನ ಏರುಪೇರನ್ನು ನಾವು ಓಡಿಸುವುದೇ ಮನುಷ್ಯರ ಏರುಪೇರು ಕಾಣ್ಲಿ ಅಂತ. ಇಷ್ಟು ಸಣ್ಣ ವಿಷಯ ನನಗೆ ಸರಿಯಾಗಿ ಅರ್ಥ ಆಗ್ಲಿಕ್ಕೆ ತುಂಬ ವರ್ಷ ಬೇಕಾಯ್ತು, ಮತ್ತೆ ದೊಡ್ಡ ದೊಡ್ಡ ರಿಸರ್ಚಿನಲ್ಲಿಯೂ ಎಷ್ಟೋ ಸಲ ಈ ಎರಡನ್ನೂ ಒಂದೇ ಅಂತ ತಿಳ್ಕೊಂಡು, ಜನರೊಳಗಿನ ವ್ಯತ್ಯಾಸವನ್ನೂ ಮೆಷಿನಿನ ಕೊಳೆಯ ಹಾಗೆ ಒರೆಸಿ ಹಾಕಿದ್ದಾರೆ ಅಂತ ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು. ಅದನ್ನೇ ಇಲ್ಲಿ ಬರೀಲಿಕ್ಕೆ ಹೊರಟದ್ದು.

ಮೊನ್ನೆ ಒಬ್ರು ರಿಕ್ಷಾದವರು ರಿಪೋರ್ಟ್ ಹಿಡ್ಕೊಂಡು ವಾಪಸ್ ಬಂದ್ರು. ಏನೋ ಆಫರ್ ಉಂಟು ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದ್ದು, ನಲವತ್ತು ಚಿಲ್ಲರೆ ಟೆಸ್ಟ್, ಅದ್ರಲ್ಲಿ ಒಂದಕ್ಕೆ ಮಾತ್ರ ಸ್ಟಾರ್ ಬಿದ್ದಿತ್ತು, ಯೂರಿಕ್ ಆಸಿಡ್ 7.3, ಪಕ್ಕದಲ್ಲಿ ರೇಂಜ್ 3.5ರಿಂದ 7.2. "ಅಕ್ಕ, ಈ ಸ್ಟಾರ್ ಎಂಥದು? ನಾನೀಗ ಒಂದು ವಾರ ಆಯ್ತು ಮೀನು ಬಿಟ್ಟು" ಅಂದ್ರು. ಬೂತಾಯಿಯ ಸೀಸನಲ್ಲಿ ಒಂದು ವಾರ ಮೀನು ಬಿಡುವುದು ಅಂದ್ರೆ ನಮ್ಮ ಕಡೆಯವರಿಗೆ ಸಣ್ಣ ಶಿಕ್ಷೆ ಅಲ್ಲ. ರಾತ್ರಿ ನಿದ್ರೆ ಕೂಡ ಇಲ್ಲವಂತೆ. ನಾನು ಡಾಕ್ಟರ್ ಅಲ್ಲ, ಮದ್ದಿನ ಮಾತು ಆಡುವ ಹಾಗಿಲ್ಲ, ಡಾಕ್ಟ್ರಿಗೆ ತೋರಿಸಿ ಅಂತಲೇ ಹೇಳಿದೆ, ಆದ್ರೆ ಆ ರೇಂಜ್ ಅನ್ನುವುದು ಎಲ್ಲಿಂದ ಬರ್ತದೆ ಅಂತ ಹೇಳುವ ಹಕ್ಕು ನನಗೆ ಉಂಟು, ಅದನ್ನು ಕೂತು ಹೇಳಿದೆ.

ಆರೋಗ್ಯವಾಗಿರುವ ಒಂದಷ್ಟು ಜನರನ್ನು ಕರೆದು, ಕಮ್ಮಿ ಅಂದ್ರೂ 120 ಜನ ಬೇಕು ಅಂತ ನಿಯಮ, ಅವರ ರಕ್ತ ತೆಗೆದು ಟೆಸ್ಟ್ ಮಾಡಿ, ಬಂದ ನಂಬರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು, ಕೆಳಗಿನ ಎರಡೂವರೆ ಪರ್ಸೆಂಟ್ ಮೇಲಿನ ಎರಡೂವರೆ ಪರ್ಸೆಂಟ್ ಕತ್ತರಿಸಿ, ನಡುವಿನ 95 ಪರ್ಸೆಂಟನ್ನು ರೆಫರೆನ್ಸ್ ರೇಂಜ್ ಅಂತ ಕರೀತಾರೆ. ಅಂದ್ರೆ ಆ ಕತ್ತರಿಗೆ ಸಿಕ್ಕಿದವರಿಗೂ ಏನೂ ರೋಗ ಇರ್ಲಿಲ್ಲ, ಅವರೂ ಆರೋಗ್ಯವಂತರೇ. ಒಂದು ಟೆಸ್ಟಿಗೆ ನೂರರಲ್ಲಿ ಐದು ಜನ ಆರೋಗ್ಯವಂತರಿಗೆ ಸುಮ್ಮನೆ ಸ್ಟಾರ್ ಬೀಳ್ತದೆ ಅಂತ ಆಯ್ತಲ್ಲ, ಹಾಗಾದ್ರೆ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದ್ರೆ ಒಂದಾದ್ರೂ ಸ್ಟಾರ್ ಬೀಳುವ ಸಾಧ್ಯತೆ ಲೆಕ್ಕ ಹಾಕಿದ್ರೆ 64 ಪರ್ಸೆಂಟ್ ಬರ್ತದೆ. ನಲವತ್ತು ಟೆಸ್ಟಿನಲ್ಲಿ ಒಂದೂ ಸ್ಟಾರ್ ಇಲ್ಲದವರೇ ಅಪರೂಪ. ಇದನ್ನು ಪ್ಯಾಕೇಜ್ ಮಾರುವವರು ಯಾರೂ ಹೇಳುವುದಿಲ್ಲ, ಹೇಳ್ಬೇಕಿತ್ತು.

ಆ 120 ಜನ ಯಾರು, ಅದು ಇನ್ನೊಂದು ಪ್ರಶ್ನೆ. ನಮ್ಮಂಥ ಸಣ್ಣ ಲ್ಯಾಬುಗಳು ಊರಿನ 120 ಆರೋಗ್ಯವಂತರನ್ನು ಕರೆದು ಸ್ವಂತ ರೇಂಜ್ ಮಾಡುವುದು ಕಷ್ಟ, ಖರ್ಚೂ ಹೌದು, ಪುರುಸೊತ್ತೂ ಇಲ್ಲ. ಹಾಗಾಗಿ ರೀಏಜೆಂಟ್ ಕಿಟ್ಟಿನ ಡಬ್ಬದೊಳಗೆ ಎಂಟು ಮಡಿಕೆ ಮಡಚಿ ಇಟ್ಟ ಒಂದು ಚೀಟಿ ಬರ್ತದೆ, ಈರುಳ್ಳಿ ಸಿಪ್ಪೆಯ ಹಾಗಿನ ತೆಳು ಕಾಗದ, ಇರುವೆಯಂಥ ಅಕ್ಷರ, ನಾಲ್ಕೈದು ಭಾಷೆಯಲ್ಲಿ ಬರೆದದ್ದು, ಅದರ ಎರಡನೇ ಪುಟದ ಕೆಳಗೆ ರೆಫರೆನ್ಸ್ ವ್ಯಾಲ್ಯೂ ಅಂತ ಇರ್ತದೆ. ಅದನ್ನು ನೋಡಿ ಸಾಫ್ಟ್‌ವೇರಿಗೆ ಟೈಪ್ ಮಾಡುವುದು. ಅದೇ ಚೀಟಿಯಲ್ಲಿ, ಪ್ರತಿ ಲ್ಯಾಬೂ ತನ್ನ ಊರಿನ ಜನಕ್ಕೆ ತಕ್ಕ ರೇಂಜ್ ತಾನೇ ನೋಡಿಕೊಳ್ಳಬೇಕು ಅಂತ ಒಂದು ಸಾಲೂ ಇರ್ತದೆ. ಆ ಸಾಲನ್ನು ನಾನು ಮೊದಲ ಸಲ ಓದಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷ ಆದ ಮೇಲೆ. ಮಲ್ಪೆಯಲ್ಲಿ ಬೋಟಿಗೆ ಹೋಗುವವರ, ಕಾರ್ಕಳದ ತೋಟದ ಕೆಲಸದವರ, ಮಣಿಪಾಲದಲ್ಲಿ ಎಸಿಯಲ್ಲಿ ಕೂತವರ ರಕ್ತವನ್ನೆಲ್ಲ ಯಾವುದೋ ದೂರದ ಊರಿನ ನೂರಿಪ್ಪತ್ತು ಜನರ ಪಕ್ಕ ಇಟ್ಟು ಸ್ಟಾರ್ ಹಾಕ್ತಾ ಇದ್ದೆ.

ಆದ್ರೆ ನನಗೆ ನಿಜವಾದ ಪೆಟ್ಟು ಬಿದ್ದದ್ದು ಸ್ಟಾರ್ ಬಿದ್ದದ್ದರಿಂದ ಅಲ್ಲ, ಬೀಳದ್ದರಿಂದ.

ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವಳು. ಮಡಿಲಲ್ಲಿ ಮೊರದಂಥ ಸೂಪು ಇಟ್ಕೊಂಡು, ಗೋಡೆಗೆ ಒರಗಿ, ಬೆಳಿಗ್ಗಿಂದ ರಾತ್ರಿವರೆಗೆ. ಸಣ್ಣ ಗಾತ್ರದ ಹೆಂಗಸು, ನಲವತ್ತೆರಡು ಕಿಲೋ ದಾಟಿದ್ದೇ ಇಲ್ಲ. ಸೊಂಟ ನೋವು, ಮೊಣಕಾಲು ನೋವು, ಅದಕ್ಕೆ ಮೆಡಿಕಲ್ಲಿಂದ ಮಾತ್ರೆ, ವರ್ಷಗಟ್ಟಲೆ. 2016ರಲ್ಲಿ ಅವಳ ಕ್ರಿಯೇಟಿನಿನ್, ಕಿಡ್ನಿ ಹೇಗುಂಟು ಅಂತ ನೋಡುವ ಟೆಸ್ಟ್, 0.6 ಇತ್ತು. 2019ರಲ್ಲಿ 0.8. 2023ರಲ್ಲಿ 1.1. ಹೆಂಗಸರ ರೇಂಜ್ ನಮ್ಮಲ್ಲಿ 0.5ರಿಂದ 1.1. ಮೂರೂ ಸಲ ರಕ್ತ ತೆಗೆದದ್ದು ನಾನು, ಮೆಷಿನಿಗೆ ಹಾಕಿದ್ದು ನಾನು, ರಿಪೋರ್ಟಿಗೆ ಸೈನ್ ಹಾಕಿದ್ದೂ ನಾನೇ. ಅಮ್ಮನಿಗೆ ಓದ್ಲಿಕ್ಕೆ ಅಷ್ಟಾಗಿ ಬರುವುದಿಲ್ಲ, ಪ್ರತಿ ಸಲ ತುಳುವಿನಲ್ಲಿ ಒಂದೇ ಪ್ರಶ್ನೆ, "ಸ್ಟಾರ್ ಇಜ್ಜಿ ಅತ್ತಾ?" ಸ್ಟಾರ್ ಇಲ್ಲ ಅಲ್ವಾ ಅಂತ. ಇಜ್ಜಿ ಅಮ್ಮ, ಅಂತ ನಾನೂ ಮೂರೂ ಸಲ ಹೇಳಿದೆ.

ಆ ವರ್ಷ ಕಾಲು ಊದಿಕೊಂಡಿತು ಅಂತ ತೋರಿಸ್ಲಿಕ್ಕೆ ಹೋದಾಗ ಒಬ್ರು ಡಾಕ್ಟ್ರು ಹಳೇ ರಿಪೋರ್ಟ್ ಉಂಟಾ ಅಂತ ಕೇಳಿದ್ರು. ಅಮ್ಮ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಳು. ಅವರು ಮೂರು ಕಾಗದವನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ಅಮ್ಮನ ವಯಸ್ಸು ಕೇಳಿ, ಫೋನಿನಲ್ಲಿ ಲೆಕ್ಕ ಹಾಕಿ ನನಗೆ ತೋರಿಸಿದ್ರು. ಕಿಡ್ನಿ ಸೋಸುವ ಶಕ್ತಿ 2016ರಲ್ಲಿ ನೂರರ ಮೇಲೆ ಇದ್ದದ್ದು ಈಗ 56ರ ಹತ್ತಿರ. ಅರ್ಧ ಹೋಗಿ ಆಗಿತ್ತು, ಒಂದೇ ಒಂದು ಸ್ಟಾರ್ ಇಲ್ಲದೆ. ಕ್ರಿಯೇಟಿನಿನ್ ಬರುವುದು ಮಾಂಸಖಂಡದಿಂದ, ಕಲ್ಲು ಹೊರುವ ಗಟ್ಟಿ ಆಳಿಗೆ 1.1 ಅಂದ್ರೆ ಏನೂ ಅಲ್ಲ, ಮೈಯಲ್ಲಿ ಮಾಂಸವೇ ಇಲ್ಲದ ನನ್ನ ಅಮ್ಮನಿಗೆ ಅದು ದೊಡ್ಡ ವಿಷಯ. ನನಗೆ ಇದು ಪಾಠದಲ್ಲಿ ಗೊತ್ತಿತ್ತು. ಕಣ್ಣು ಸ್ಟಾರನ್ನು ಮಾತ್ರ ಹುಡುಕ್ಲಿಕ್ಕೆ ಕಲಿತಿತ್ತು. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಕಿಟಕಿ ಪಕ್ಕ ನಿದ್ರೆ ಹೋಗಿದ್ದಳು, ನಾನು ಆ ತೊಟ್ಟೆಯನ್ನು ಹಿಡ್ಕೊಂಡು ಕೂತಿದ್ದೆ, ಹೆಬ್ರಿ ರೋಡಲ್ಲಿ ಎಷ್ಟು ಸ್ಟಾಪ್ ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ.

ಆಮೇಲೆ ಓದ್ಲಿಕ್ಕೆ ಶುರು ಮಾಡಿದೆ. ಯೂಜೀನ್ ಹ್ಯಾರಿಸ್ ಅನ್ನುವವರು 1974ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ರು. ಒಬ್ಬನೇ ಮನುಷ್ಯನ ನಂಬರ್ ದಿನದಿಂದ ದಿನಕ್ಕೆ ಎಷ್ಟು ಏರಿಳಿತದೆ, ಜನರಿಂದ ಜನರಿಗೆ ಎಷ್ಟು ಬೇರೆ ಇರ್ತದೆ, ಈ ಎರಡನ್ನು ಹೋಲಿಸ್ಬೇಕು. ಕ್ರಿಯೇಟಿನಿನ್ ಒಬ್ಬರೊಳಗೆ ನಾಲ್ಕೈದು ಪರ್ಸೆಂಟ್ ಅಷ್ಟೇ ಆಚೆ ಈಚೆ ಆಗುವುದು, ಜನರ ನಡುವೆ ನೋಡಿದ್ರೆ ಅದರ ಮೂರು ಪಟ್ಟು. ಅಂದ್ರೆ ಪ್ರತಿಯೊಬ್ಬರೂ ತಮ್ಮದೇ ಒಂದು ಸಣ್ಣ ಓಣಿಯಲ್ಲಿ ನಡೀತಾರೆ, ಊರಿನ ರೇಂಜ್ ಅನ್ನುವುದು ಅಂಥ ನೂರಾರು ಓಣಿಯನ್ನು ಒಳಗೆ ಹಾಕ್ಕೊಂಡ ಅಗಲದ ಗದ್ದೆ. ಒಬ್ಬರು ತಮ್ಮ ಓಣಿ ಬಿಟ್ಟು ಎಷ್ಟೋ ದೂರ ಹೋದ್ರೂ ಗದ್ದೆಯ ಒಳಗೇ ಇರ್ತಾರೆ, ಮೆಷಿನ್ ಸುಮ್ಮನಿರ್ತದೆ. ಇಂಥ ಟೆಸ್ಟಿಗೆ ಊರಿನ ರೇಂಜಿಗಿಂತ ಅವರದೇ ಹಳೇ ನಂಬರ್ ಒಳ್ಳೇ ಅಳತೆಗೋಲು. ಐವತ್ತು ವರ್ಷ ಆಯ್ತು ಇದು ಗೊತ್ತಾಗಿ, ಇನ್ನೂ ನಾವು ರಿಪೋರ್ಟಿನಲ್ಲಿ ರೇಂಜನ್ನೇ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡ್ತೇವೆ.

ಇನ್ನೊಂದು ಹಳೇ ಸಂಗತಿ ಈಗ ಬೇರೆ ಥರ ನೆನಪಾಗ್ತದೆ. ನಾನು ಮಂಗಳೂರಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಲ್ಯಾಬ್ ಅಂದ್ರೆ ಮಲೇರಿಯಾ ಸ್ಲೈಡ್. ಊರಿಡೀ ಬಿಲ್ಡಿಂಗ್ ಏಳ್ತಾ ಇತ್ತು, ಸ್ಲ್ಯಾಬಿಗೆ ಕಟ್ಟಿದ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಅದರಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸ್ಲೈಡ್ ನೋಡಿದ್ದೇನೋ ಲೆಕ್ಕ ಇಲ್ಲ, ರಾತ್ರಿ ಕಣ್ಣು ಮುಚ್ಚಿದ್ರೂ ಲೀಶ್ಮನ್ ಸ್ಟೇನಿನ ನೇರಳೆ ಬಣ್ಣ. ಹೆಚ್ಚಿನವು ವೈವ್ಯಾಕ್ಸ್ ಅನ್ನುವ ಜಾತಿಯ ಮಲೇರಿಯಾ. ವೈವ್ಯಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಆಮೇಲೆ ಲಿವರಿನಲ್ಲಿ ಅಡಗಿ ಕೂತದ್ದು ಸಾಯ್ಲಿಕ್ಕೆ 14 ದಿನ ಪ್ರೈಮಾಕ್ವಿನ್. ಎಲ್ಲರಿಗೂ ಅದೇ.

ಒಂದು ಸಲ ಸೆಂಟ್ರಿಂಗ್ ಕೆಲಸಕ್ಕೆ ದೂರದ ರಾಜ್ಯದಿಂದ ಬಂದ ಅಣ್ಣ ತಮ್ಮ ಇಬ್ಬರಿಗೂ ಒಟ್ಟಿಗೆ ವೈವ್ಯಾಕ್ಸ್ ಬಂತು. ಒಂದೇ ರೂಮು, ಒಂದೇ ಊಟ, ಒಂದೇ ಮಾತ್ರೆ, ಒಂದೇ ಡೋಸು. ನಾಲ್ಕನೇ ದಿನ ಅಣ್ಣನ ಮೂತ್ರದ ಸ್ಯಾಂಪಲ್ ಬಂತು, ಕಪ್ಪು ಚಹಾದ ಡಿಕಾಕ್ಷನಿನ ಬಣ್ಣ. ಸ್ಟ್ರಿಪ್ ಅದ್ದಿದ್ರೆ ರಕ್ತ ಅಂತ ಗಾಢ ಹಸಿರು ತೋರಿಸ್ತದೆ, ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಒಂದೂ ಕೆಂಪು ರಕ್ತಕಣ ಇಲ್ಲ. ಅಂದ್ರೆ ಕಣಗಳು ಮೈಯೊಳಗೇ ಒಡೆದು ಹಿಮೋಗ್ಲೋಬಿನ್ ಮಾತ್ರ ಕೆಳಗೆ ಇಳೀತಾ ಇದೆ. 12ರ ಮೇಲೆ ಇದ್ದ ಹಿಮೋಗ್ಲೋಬಿನ್ 7ಕ್ಕೆ ಬಂದಿತ್ತು. ಸ್ಲೈಡಲ್ಲಿ ಯಾರೋ ಕಚ್ಚಿ ತಿಂದ ದೋಸೆಯ ಹಾಗೆ ಅಂಚು ಹೋದ ಕಣಗಳು. ಜಿ6ಪಿಡಿ ಅನ್ನುವ ಎನ್‌ಜೈಮಿನ ಕೊರತೆ. ಪ್ರೈಮಾಕ್ವಿನ್ ಬಿದ್ದ ಕೂಡ್ಲೆ ರಕ್ತಕಣ ತನ್ನನ್ನು ತಾನು ಕಾಪಾಡಿಕೊಳ್ಳಲಿಕ್ಕೆ ಬೇಕಾದ ಎನ್‌ಜೈಮ್ ಅವನಲ್ಲಿ ಕಮ್ಮಿ. ಮಾತ್ರೆ ನಿಲ್ಲಿಸಿ, ರಕ್ತ ಕೊಟ್ಟು ಹುಡುಗ ಬದುಕಿದ. ತಮ್ಮನಿಗೆ ಏನೂ ಆಗ್ಲಿಲ್ಲ, ಹದಿನಾಲ್ಕು ದಿನ ಮಾತ್ರೆ ತಿಂದು ಗುಣ ಆಗಿ ಅಣ್ಣನ ಮಂಚದ ಪಕ್ಕ ನಿಂತಿದ್ದ.

ಅವನನ್ನು ನೋಡಿ ಆಗ ನನಗೆ ಬಂದ ಯೋಚನೆ, ಅಣ್ಣನಿಗೆ ಅದೃಷ್ಟ ಕೆಟ್ಟಿತ್ತು ಅಂತ ಅಷ್ಟೇ. ಈಗ ಗೊತ್ತುಂಟು. ಆ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ತಾಯಿಯಿಂದ ಬಂದ ಒಂದೇ. ತಾಯಿಯಲ್ಲಿ ಒಂದು ಎಕ್ಸ್ ಸರಿ ಇದ್ದು ಇನ್ನೊಂದು ಕೊರತೆಯದ್ದು ಆದ್ರೆ ಒಬ್ಬ ಮಗನಿಗೆ ಅದು, ಇನ್ನೊಬ್ಬನಿಗೆ ಇದು, ನಾಣ್ಯ ಚಿಮ್ಮಿದ ಹಾಗೆ. ಒಂದೇ ಜಾತಿ, ಒಂದೇ ಊರು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಆದ್ರೂ ಒಬ್ಬನಿಗೆ ಮದ್ದು, ಒಬ್ಬನಿಗೆ ವಿಷ. ಆ ತಾಯಿಯ ಕಥೆ ಇನ್ನೂ ಆಶ್ಚರ್ಯ. ಹೆಂಗಸರ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸಿನಲ್ಲಿ ಒಂದು ಮಲಗಿರ್ತದೆ, ಯಾವುದು ಅಂತ ಆ ಕೋಶದ್ದೇ ತೀರ್ಮಾನ, ಹಾಗಾಗಿ ಅವಳ ರಕ್ತದಲ್ಲಿ ಎರಡು ಜಾತಿಯ ಕೆಂಪು ಕಣ ಒಟ್ಟಿಗೆ ಓಡ್ತಾ ಇರ್ತವೆ, ಒಂದಕ್ಕೆ ಎನ್‌ಜೈಮ್ ಪೂರ್ತಿ, ಇನ್ನೊಂದಕ್ಕೆ ಕಮ್ಮಿ. 1962ರಲ್ಲಿ ಅರ್ನೆಸ್ಟ್ ಬ್ಯೂಟ್ಲರ್ ಅನ್ನುವ ಡಾಕ್ಟ್ರು ಇದೇ ಜಿ6ಪಿಡಿ ಹಿಡ್ಕೊಂಡು ಅದನ್ನು ತೋರಿಸಿದ್ದು. ಮಾಮೂಲಿ ಟೆಸ್ಟಿನಲ್ಲಿ ಎರಡೂ ಬೆರೆತು ನಡುವಿನ ನಂಬರ್ ಬರ್ತದೆ, ಎಷ್ಟೋ ಸಲ ನಾರ್ಮಲ್ ಅಂತಲೇ ರಿಪೋರ್ಟ್ ಹೋಗ್ತದೆ, ಆ ನಡುವಿನ ನಂಬರಿನ ಕಣ ಅವಳ ಮೈಯಲ್ಲಿ ಒಂದೂ ಇರುವುದಿಲ್ಲ. ಇನ್ನೊಂದು ವಿಷಯ ಲ್ಯಾಬಿನವರಿಗೆ ಹೇಳ್ತೇನೆ, ಕಣ ಒಡೆದ ಕೂಡ್ಲೆ ಈ ಟೆಸ್ಟ್ ಮಾಡಿದ್ರೆ ಕೊರತೆ ಇದ್ದವರಿಗೂ ನಾರ್ಮಲ್ ಬರಬಹುದು, ಯಾಕಂದ್ರೆ ಹಳೇ ಕಣ ಎಲ್ಲ ಹೋಗಿ ಎನ್‌ಜೈಮ್ ಜಾಸ್ತಿ ಇರುವ ಎಳೇ ಕಣ ಮಾತ್ರ ಉಳಿದಿರ್ತದೆ. ಆ ಹುಡುಗನನ್ನು ಮೂರು ತಿಂಗಳು ಬಿಟ್ಟು ಕರೆಸಿ ನೋಡಿದಾಗಲೇ ಗ್ಯಾರಂಟಿ ಆದದ್ದು.

ಅದೇ ಪ್ರೈಮಾಕ್ವಿನ್ ಕೆಲಸ ಮಾಡ್ಬೇಕಾದ್ರೆ ಲಿವರಿನಲ್ಲಿ ಸಿವೈಪಿ2ಡಿ6 ಅನ್ನುವ ಎನ್‌ಜೈಮ್ ಅದನ್ನು ಬದಲಾಯಿಸ್ಬೇಕು, ಅದು ಮಂದ ಇರುವವರಿಗೆ ಮಾತ್ರೆ ಪೂರ್ತಿ ತಿಂದ್ರೂ ಜ್ವರ ಮತ್ತೆ ಮತ್ತೆ ಬರಬಹುದು ಅಂತ 2013ರಲ್ಲಿ ಗೊತ್ತಾಯ್ತು. ಮಂಗಳೂರಲ್ಲಿ ಹಾಗೆ ತಿರುಗಿ ಬಂದವರನ್ನು ನಾವೆಲ್ಲ ಬೈದದ್ದುಂಟು, ಕೋರ್ಸ್ ಮುಗಿಸ್ಲಿಲ್ಲ ನೀವು ಅಂತ. ಕೆಲವರು ಮುಗಿಸಿಯೇ ಇದ್ದಿರಬಹುದು. ಅವರ ಹತ್ತಿರ ಈಗ ಕ್ಷಮೆ ಕೇಳುವ ಅಂದ್ರೆ ಯಾರು ಎಲ್ಲಿದ್ದಾರೆ ಅಂತ ಗೊತ್ತಿಲ್ಲ.

ಈಗ ಯೋಚನೆ ಮಾಡಿ, ಒಂದು ಮಾತ್ರೆಯಿಂದ ಹೆಚ್ಚಿನವರಿಗೆ ಗುಣ, ಕೆಲವರಿಗೆ ಅಪಾಯ, ಇನ್ನು ಕೆಲವರಿಗೆ ಏನೂ ಇಲ್ಲ. ಇದನ್ನೆಲ್ಲ ಕೂಡಿಸಿ ಭಾಗಿಸಿ ಮಾತ್ರೆಯ ಸರಾಸರಿ ಪರಿಣಾಮ ಇಷ್ಟು ಅಂತ ಒಂದು ನಂಬರ್ ಬರೆದ್ರೆ, ಆ ನಂಬರ್ ಸುಳ್ಳಲ್ಲ, ಆದ್ರೆ ಆ ಮೂವರಲ್ಲಿ ಯಾರ ಮೈಯಲ್ಲೂ ನಡೆದದ್ದು ಅದಲ್ಲ. ಸರಾಸರಿ ಬೇಡ ಅಂತ ನಾನು ಹೇಳುವುದಿಲ್ಲ. ಸರ್ಕಾರಕ್ಕೆ ಔಷಧಿ ಎಷ್ಟು ತರಿಸ್ಬೇಕು ಅಂತ ತಿಳೀಲಿಕ್ಕೆ ಅದು ಬೇಕು. ಸರಾಸರಿಯ ಪಕ್ಕದಲ್ಲಿ ಎಷ್ಟು ಹರಡಿದೆ, ಯಾಕೆ ಹರಡಿದೆ ಅಂತ ಹೇಳದೆ ಸುಮ್ಮನಾಗುವುದು ತಪ್ಪು.

ನಮ್ಮ ಪಕ್ಕದ ಮನೆಯ ಹುಡುಗಿ ಮಂಗಳೂರಿನ ಫಿಶರೀಸ್ ಕಾಲೇಜಲ್ಲಿ ಓದಿದವಳು, 1969ರಲ್ಲಿ ಶುರುವಾದ ಕಾಲೇಜು, ದೇಶದಲ್ಲೇ ಮೊದಲನೆಯದ್ದು. ಅವಳು ಬೋಟು ನಿಲ್ಲುವ ಧಕ್ಕೆಗೆ ಹೋಗಿ ಬೋಟಿಂದ ಇಳಿದ ಬುಟ್ಟಿಯಲ್ಲಿ ಆರಿಸದೆ ಒಂದಷ್ಟು ಬಂಗುಡೆ ತೆಗೆದು, ಒಂದೊಂದನ್ನೇ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದವರೆಗೆ ಮಿಲಿಮೀಟರಲ್ಲಿ ಅಳೆದು ಬರೀತಿದ್ಲು. ಮೀನು ಮಾರುವ ಅಕ್ಕಂದಿರು, ಎಂತ ಮಗಾ ಇದು, ಎಲ್ಲ ಒಟ್ಟಿಗೆ ತೂಕಕ್ಕಿಟ್ಟು ಲೆಕ್ಕ ಹಾಕ್ಬಾರ್ದಾ ಅಂತ ಕೇಳ್ತಿದ್ರಂತೆ. ಒಟ್ಟಿಗೆ ತೂಗಿದ್ರೆ ಮೀನಿನ ಸರಾಸರಿ ಸಿಗ್ತದೆ, ವಿಷಯ ಹೋಗ್ತದೆ. ಉದ್ದವನ್ನು ಗ್ರಾಫ್ ಹಾಕಿದ್ರೆ ಕೆಲವು ಸಲ ಎರಡು ಗುಡ್ಡ ಬರ್ತದಂತೆ, ಒಂದು ಕಳೆದ ಸಲ ಮೊಟ್ಟೆ ಇಟ್ಟ ಕಾಲದ್ದು, ಇನ್ನೊಂದು ಅದಕ್ಕಿಂತ ಹಿಂದಿನದ್ದು. ಸರಾಸರಿ ಬೀಳುವುದು ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ, ಅಲ್ಲಿ ಮೀನೇ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಎಷ್ಟು ದೂರ ಅಂತ ನೋಡಿ ಮೀನು ಎಷ್ಟು ಬೇಗ ಬೆಳೀತದೆ ಅಂತ ತಿಳಿಯುವುದು, ಅದನ್ನು ನೋಡಿ ಎಷ್ಟು ಹಿಡೀಬಹುದು ಅಂತ ಹೇಳುವುದು. ಮೀನಿನ ವಿಷಯದಲ್ಲಿ ಇಷ್ಟು ತಾಳ್ಮೆ ಇರುವ ವಿಜ್ಞಾನ ಮನುಷ್ಯರ ವಿಷಯದಲ್ಲಿ ಎಷ್ಟೋ ಕಾಲ ಇರ್ಲಿಲ್ಲ.

ಹೆಂಗಸರ ವಿಷಯವನ್ನೇ ತಗೊಳ್ಳಿ. ಲ್ಯಾಬಿನ ಇಲಿ ಅಂದ್ರೆ ಬಹಳ ಕಾಲ ಗಂಡು ಇಲಿ, ಹೆಣ್ಣಿಗೆ ಹಾರ್ಮೋನ್ ಏರಿಳಿತ ಉಂಟು, ಡೇಟಾ ಕೆಡ್ತದೆ ಅಂತ. 2014ರಲ್ಲಿ ಮುನ್ನೂರರ ಹತ್ತಿರ ಪೇಪರುಗಳನ್ನು ಒಟ್ಟು ಹಾಕಿ ನೋಡಿದ್ರೆ ಹೆಣ್ಣು ಇಲಿಯ ಏರುಪೇರು ಗಂಡಿಗಿಂತ ಜಾಸ್ತಿ ಏನೂ ಇರ್ಲಿಲ್ಲ. ಅಮೆರಿಕದಲ್ಲಿ 1977ರಿಂದ 1993ರವರೆಗೆ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಮದ್ದಿನ ಆರಂಭದ ಟ್ರಯಲುಗಳಿಂದ ಹೊರಗೇ ಇಟ್ಟಿದ್ರು. ಝೋಲ್ಪಿಡೆಮ್ ಅನ್ನುವ ನಿದ್ರೆ ಮಾತ್ರೆ ಹೆಂಗಸರ ಮೈಯಲ್ಲಿ ನಿಧಾನ ಕರಗ್ತದೆ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಉಳಿದಿರ್ತದೆ ಅಂತ ಹೇಳಿ ಅವರ ಡೋಸನ್ನು 10ರಿಂದ 5 ಮಿಲಿಗ್ರಾಮಿಗೆ ಇಳಿಸಿದ್ದು 2013ರಲ್ಲಿ, ಮಾತ್ರೆ ಬಂದು ಇಪ್ಪತ್ತು ವರ್ಷ ಆದ ಮೇಲೆ. ಬೀಡಿ ಸೂಪಿನ ಮುಂದೆ ಕೂತ ನನ್ನ ಅಮ್ಮನ ಹಾಗಿನವರು ಯಾವ ಟ್ರಯಲಿನಲ್ಲಿ ಇದ್ದರು ಅಂತ ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಜೀನಿನ ಕಥೆಯೂ ಹಾಗೇ. ಜಗತ್ತಿನ ಹೆಚ್ಚಿನ ಲ್ಯಾಬುಗಳು ಹೋಲಿಕೆಗೆ ಇಟ್ಟುಕೊಂಡ ಮನುಷ್ಯ ಜೀನೋಮಿನ ಸುಮಾರು 70 ಪರ್ಸೆಂಟ್ ಒಬ್ಬನೇ ಒಬ್ಬ ದಾನಿಯದ್ದು. ಯಾವ ಜೀನ್ ಯಾವ ರೋಗಕ್ಕೆ ಅಂತ ಹುಡುಕಿದ ಸ್ಟಡಿಗಳಲ್ಲಿ ಇದ್ದ ಜನರಲ್ಲಿ 81 ಪರ್ಸೆಂಟ್ ಯುರೋಪಿನ ಮೂಲದವರು ಅಂತ 2016ರಲ್ಲಿ ಲೆಕ್ಕ ಬಂತು. ನಮ್ಮ ದೇಶದಲ್ಲಿ ಜೀನೋಮ್ ಇಂಡಿಯಾ ಅಂತ ಮಾಡಿ, ಬೆಂಗಳೂರಿನ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು, 80ಕ್ಕಿಂತ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಅದನ್ನು ರಿಸರ್ಚಿನವರಿಗೆ ತೆರೆದಿಟ್ರು. ಆ ಸುದ್ದಿ ಓದಿದ ದಿನ ನನಗೆ ತುಂಬ ಖುಷಿ ಆಯ್ತು.

ಖುಷಿಯ ಜೊತೆಗೆ ಒಂದು ಹೆದರಿಕೆಯೂ ಉಂಟು, ಅದನ್ನು ಹೇಳ್ಬೇಕು. ದೂರದ ಊರಿನ ಸರಾಸರಿ ತೆಗೆದು ಅದರ ಜಾಗದಲ್ಲಿ ಭಾರತದ ಸರಾಸರಿ, ಕರಾವಳಿಯ ಸರಾಸರಿ, ನಿಮ್ಮ ಜಾತಿಯ ಸರಾಸರಿ ಅಂತ ಕೂರಿಸಿದ್ರೆ ಚೀಟಿ ಬದಲಾಯ್ತು ಅಷ್ಟೇ. ರಿಚರ್ಡ್ ಲೆವೊಂಟಿನ್ ಅನ್ನುವ ಜೀನ್ ವಿಜ್ಞಾನಿ 1972ರಲ್ಲಿ ಬ್ಲಡ್ ಗ್ರೂಪ್ ಮತ್ತೆ ರಕ್ತದ ಪ್ರೋಟೀನುಗಳ 17 ಜೀನ್ ಹಿಡ್ಕೊಂಡು ನೋಡಿದಾಗ, ಮನುಷ್ಯರಲ್ಲಿರುವ ಒಟ್ಟು ವ್ಯತ್ಯಾಸದ 85 ಪರ್ಸೆಂಟ್ ಯಾವುದೇ ಒಂದು ಜನಗುಂಪಿನ ಒಳಗೇ ಸಿಕ್ಕಿತು. ಒಂದೇ ಓಣಿಯ ಇಬ್ಬರ ನಡುವೆ ಅಷ್ಟು ಉಂಟು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತೆ ಲಂಡನ್ನಿನ ಅವರ ಸ್ನೇಹಿತ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿದ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು, ಇಬ್ಬರದ್ದೂ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಮೈಯ ಕೊಬ್ಬು ಒಬ್ಬರದ್ದು 9.1 ಪರ್ಸೆಂಟ್, ಯಾಜ್ಞಿಕರದ್ದು 21.2. ಇದನ್ನು ಎಲ್ಲರೂ ಭಾರತ ಮತ್ತೆ ಬ್ರಿಟನ್ ಅಂತ ಹೇಳ್ತಾರೆ, ಅದು ಸರಿಯೇ, ನಮ್ಮವರಿಗೆ 23 ದಾಟಿದ್ರೇ ಓವರ್‌ವೇಟ್ ಅಂತ ಮಾಡಿದ್ದೂ ಒಳ್ಳೇದೇ. ಆದ್ರೆ ನಮ್ಮ ಲ್ಯಾಬಿನ ಬೆಂಚಲ್ಲೇ 22 ಬಿಎಂಐ ಇದ್ದ ಇಬ್ಬರನ್ನು ಕೂರಿಸಿ, ಒಬ್ಬ ಮಲ್ಪೆಯಲ್ಲಿ ಬಲೆ ಎಳೆಯುವವ, ಒಬ್ಬ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವ, ಅವರ ಶುಗರು, ಟ್ರೈಗ್ಲಿಸರೈಡ್ ನೋಡಿದ್ರೆ ಎಷ್ಟು ಬೇರೆ ಬೇರೆ ಅಂತ ನಾನು ದಿನಾ ನೋಡ್ತೇನೆ.

ಗುಂಪಿನ ಹೆಸರು ಉಪಯೋಗಕ್ಕೇ ಬರುವುದಿಲ್ಲ ಅಂತಲೂ ಅಲ್ಲ. ಆರ್ಯ ವೈಶ್ಯ ಸಮುದಾಯದ ಕೆಲವರಿಗೆ ಆಪರೇಶನ್ನಿನ ಮೊದಲು ಮೈ ಸಡಿಲ ಮಾಡ್ಲಿಕ್ಕೆ ಕೊಡುವ ಸಕ್ಸಿನೈಲ್‌ಕೋಲಿನ್ ಅನ್ನುವ ಇಂಜೆಕ್ಷನ್ ನಿಮಿಷಗಳಲ್ಲಿ ಇಳಿಯುವ ಬದಲು ಗಂಟೆಗಟ್ಟಲೆ ಉಸಿರಾಟ ಹಿಡಿದು ನಿಲ್ಲಿಸ್ತದೆ, ಅದನ್ನು ಕರಗಿಸುವ ಎನ್‌ಜೈಮ್ ಅವರಲ್ಲಿ ಇಲ್ಲ, ಇದು ಅರಿವಳಿಕೆ ಡಾಕ್ಟ್ರುಗಳಿಗೆ ಗೊತ್ತಿರುವ ವಿಷಯ. ತಲೆತಲಾಂತರದಿಂದ ಒಳಗೊಳಗೇ ಮದುವೆ ಆದ ಗುಂಪುಗಳಲ್ಲಿ ಇಂಥದ್ದು ಬರ್ತದೆ. ಹಾಗಾಗಿ ಕೇಳುವುದು ಒಳ್ಳೇದು. ಆದ್ರೆ ಆ ಸಮುದಾಯದ ಹೆಚ್ಚಿನವರಿಗೆ ಆ ತೊಂದರೆ ಇಲ್ಲ, ಬೇರೆ ಸಮುದಾಯದ ಯಾರಿಗೋ ಇರಬಹುದು, ಮತ್ತೆ ಆ ಎನ್‌ಜೈಮನ್ನು ಅಳೀಲಿಕ್ಕೆ ಒಂದು ರಕ್ತ ಪರೀಕ್ಷೆ ಉಂಟು. ಹೆಸರು ಕೇಳಿ ಸಂಶಯ ಪಡಬಹುದು, ಉತ್ತರ ಮಾತ್ರ ಆ ಮನುಷ್ಯನ ರಕ್ತದಿಂದಲೇ ಬರ್ಬೇಕು. ಆ ಅಣ್ಣ ತಮ್ಮನನ್ನು ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನ ಇಲ್ಲ.

ನಮ್ಮ ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಹಿಂದಿನ ರಿಸಲ್ಟ್ ತೋರಿಸುವ ಒಂದು ಕಾಲಂ ಮೊದಲಿಂದಲೂ ಇತ್ತು, ಯಾರೂ ಆನ್ ಮಾಡಿರ್ಲಿಲ್ಲ, ಪೇಪರಲ್ಲಿ ಜಾಗ ಹಿಡೀತದೆ ಅಂತ. ಅಮ್ಮನ ವಿಷಯ ಆದ ಮೇಲೆ ನಾನು ಮೂರು ಸಲ ಕೇಳಿ, ನಾಲ್ಕನೇ ಸಲ ಮೂರು ರಿಪೋರ್ಟ್ ಮೇಜಿನ ಮೇಲೆ ಇಟ್ಟು ತೋರಿಸಿ ಆನ್ ಮಾಡಿಸಿದೆ. ಈಗ ಕ್ರಿಯೇಟಿನಿನ್ ಪಕ್ಕದಲ್ಲಿ ರೇಂಜಿನ ಜೊತೆಗೆ ಆ ಮನುಷ್ಯನದ್ದೇ ಹಿಂದಿನ ಎರಡು ನಂಬರ್, ತಾರೀಕು ಸಮೇತ ಬರ್ತದೆ. ನಮ್ಮಲ್ಲಿ ಮಾಡಿಸಿದವರದ್ದು ಮಾತ್ರ ಬರುವುದು, ಬೇರೆ ಲ್ಯಾಬಿನದ್ದು ಬರುವುದಿಲ್ಲ, ಹಾಗಾಗಿ ಯಾರು ಬಂದ್ರೂ ಹಳೇ ರಿಪೋರ್ಟ್ ಬಿಸಾಡ್ಬೇಡಿ ಅಂತ ಹೇಳ್ತಾ ಇರ್ತೇನೆ.

ಅಮ್ಮನ ನೋವಿನ ಮಾತ್ರೆ ನಿಂತಿದೆ, ಬಿಪಿಗೆ ಮದ್ದು ನಡೀತಾ ಉಂಟು. ಮೊನ್ನೆ ಆಟಿ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟ ದಿನ ಕರ್ಕೊಂಡು ಬಂದು ರಕ್ತ ತೆಗೆದೆ, ನರ ಸಿಗುವುದೇ ಕಷ್ಟ ಈಗ, ಚಿಟ್ಟೆ ಸೂಜಿ ಹಾಕಿದ್ದು. ಪ್ರಿಂಟ್ ತಂದು ಅವಳ ಪಕ್ಕ ಬೆಂಚಲ್ಲಿ ಕೂತೆ. ಸ್ಟಾರ್ ಇಜ್ಜಿ ಅತ್ತಾ ಅಂತ ಕೇಳ್ತಾಳೆ ಅಂದುಕೊಂಡಿದ್ದೆ. ಕೇಳ್ಲಿಲ್ಲ. ತೊಟ್ಟೆಯಿಂದ ಹಳೇ ಕಾಗದ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟು, "ದುಂಬು ಏತ್ ಇತ್ತ್‌ಂಡ್?" ಅಂದ್ಲು, ಮೊದಲು ಎಷ್ಟಿತ್ತು ಅಂತ.

1.1 ಇತ್ತು ಅಮ್ಮ, ಅಂದೆ. ಈಗ 1.0.